ಬೆಲ್ ಒಂದೇ ಸಲ ಒತ್ತಿ

ಧಾರವಾಡದ ನಮ್ಮ ಓಣಿಯಲ್ಲಿ ಯಾರಾದರೂ "ನಿಮ್ಮ ಮಗ ಪುಣೆಯೊಳಗ ಏನ್ ಮಾಡ್ತಾನ್ರೀ?" ಅಂತ ಕೇಳಿದರೆ ಅಮ್ಮ ಮೊದಲೆಲ್ಲ "ಇಂಜಿನಿಯರ್ ಅದಾನ" ಅನ್ನುತ್ತಿದ್ದರು. ಈಚೆಗೆ "ಮಷಿನ್ನಿಗೆ ಚೀಟಿ ಬರ್ಕೊಡ್ತಾನ" ಅನ್ನತೊಡಗಿದ್ದಾರೆ. ಯಾರೋ ಒಬ್ಬರು ಇದು ಮಂತ್ರ-ತಾಯಿತದ ವ್ಯವಹಾರ ಅಂತ ತಿಳಿದು, ಪದೇ ಪದೇ ಕೆಡುವ ತಮ್ಮ ಬೋರ್‌ವೆಲ್ ಪಂಪಿಗೂ ಒಂದು ಚೀಟಿ ಬರೆಸಿ ಕಳಿಸಲು ಆಗುತ್ತದೆಯೇ ಅಂತ ವಿಚಾರಿಸಿದರಂತೆ. ನನಗೆ ಸಿಟ್ಟು ಬಂತು. ಆದರೆ ನನ್ನ ಕೆಲಸಕ್ಕೆ ಅಮ್ಮ ಕೊಟ್ಟದ್ದಕ್ಕಿಂತ ಸರಿಯಾದ ವಿವರಣೆ ನನಗೂ ಇನ್ನೂ ಸಿಕ್ಕಿಲ್ಲ.

ಸಂಗತಿ ಇಷ್ಟೇ. ಜಗತ್ತಿನ ಪ್ರೋಗ್ರಾಮರುಗಳು ತಮ್ಮ ಕೋಡನ್ನು ಗಿಟ್‌ಹಬ್, ಗಿಟ್‌ಲ್ಯಾಬ್ ಇಂಥ ತಾಣಗಳಲ್ಲಿ 'ರೆಪೊಸಿಟರಿ' ಎಂಬ ಕಣಜ ಮಾಡಿ ಇಡುತ್ತಾರೆ. ಅಲ್ಲಿ ತಪ್ಪು ಕಂಡರೆ ಒಂದು 'ಇಶ್ಯೂ' ತೆರೆಯುವುದು, ತಿದ್ದಿದ ಕೋಡನ್ನು 'ಪುಲ್ ರಿಕ್ವೆಸ್ಟ್' ಅಂತ ಒಪ್ಪಿಸುವುದು, ಅದನ್ನು ಯಾರೋ ನೋಡಿ 'ಮರ್ಜ್' ಮಾಡುವುದು, ಇದೆಲ್ಲ ಇಷ್ಟು ಕಾಲ ಮನುಷ್ಯರ ಕೆಲಸವಾಗಿತ್ತು. ಈಗ ಎಐ ಏಜೆಂಟು ಬಂದು ಕೂತಿದೆ. ನಮ್ಮ ಏಜೆಂಟಿಗೆ ಸ್ಕ್ರೀನು ಕಾಣುವುದಿಲ್ಲ, ಬಟನ್ನು ಕಾಣುವುದಿಲ್ಲ. ಅದರ ಮುಂದಿರುವುದು ಟೂಲುಗಳ ಒಂದು ಪಟ್ಟಿ. ಪ್ರತಿ ಟೂಲಿಗೂ ಒಂದು ಹೆಸರು, ಮೂರ್ನಾಲ್ಕು ಸಾಲಿನ ವಿವರಣೆ, ಯಾವ ಖಾನೆಯಲ್ಲಿ ಏನು ತುಂಬಬೇಕೆಂಬ ಸೂಚನೆ. ಒಳಗಿನ ಪ್ರೋಗ್ರಾಮು ಎಷ್ಟೇ ಸೊಗಸಾಗಿರಲಿ, ಏಜೆಂಟು ಓದುವುದು ಆ ನಾಲ್ಕು ಸಾಲನ್ನೇ. 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಕಂಪನಿ ಏಜೆಂಟುಗಳಿಗೆ ಇಂಥ ಟೂಲು ಜೋಡಿಸುವ ಎಂಸಿಪಿ ಅನ್ನುವ ಪದ್ಧತಿಯನ್ನು ಹೊರತಂದಿತು. ಮರುವರ್ಷ ಗಿಟ್‌ಹಬ್ ತನ್ನದೇ ಎಂಸಿಪಿ ಸರ್ವರ್ ಬಿಟ್ಟಿತು. ಆಮೇಲೆ ಪುಣೆಯ ಐಟಿ ಬಡಾವಣೆ ಹಿಂಜವಡಿಯ ನಮ್ಮ ಕಂಪನಿಗೂ ಅಂಥದ್ದೇ ಕಟ್ಟುವ ಹುಕಿ ಬಂತು. ವಿವರಣೆ ಬರೆಯುವವರು ಯಾರು ಅಂತ ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ಲ್ಯಾಪ್‌ಟಾಪಿನೊಳಗೆ ಮುಖ ಇಟ್ಟರು. ನಾನು ಮಾತ್ರ ಎದೆ ಉಬ್ಬಿಸಿದೆ. ಕಾಲೇಜು ಮ್ಯಾಗಜಿನ್ನಿನಲ್ಲಿ ಮಳೆಯ ಮೇಲೆ ಕವಿತೆ ಬರೆದವನಿಗೆ ನಾಲ್ಕು ಸಾಲು ಯಾವ ಲೆಕ್ಕ?

ಹೊಸ ಇಶ್ಯೂ ತೆರೆಯುವ ಟೂಲಿಗೆ ನಾನು ಬರೆದದ್ದು ಇಂಗ್ಲಿಷಿನಲ್ಲಿ. ಅದರ ಗತ್ತು ತಿಳಿಯಲಿ ಅಂತ ಕನ್ನಡದಲ್ಲಿ ಹೇಳುತ್ತೇನೆ: "ಇಶ್ಯೂಗಳ ಸಮರ್ಥ ಹಾಗೂ ಸಮಗ್ರ ನಿರ್ವಹಣೆಗೆ ನೆರವಾಗುವ ಬಹುಮುಖಿ ಸಾಧನ." ಬರೆದು ಮುಗಿಸಿ ಎರಡು ಸಲ ಜೋರಾಗಿ ಓದಿಕೊಂಡೆ. ಪಕ್ಕದಲ್ಲೇ ಇದ್ದ, ಇಶ್ಯೂಗೆ ಉತ್ತರ ಬರೆಯುವ ಟೂಲಿಗೆ ವಿವರಣೆ ಬೇಡ, ಹೆಸರಿನಲ್ಲೇ ಗೊತ್ತಾಗುತ್ತದಲ್ಲ ಅಂತ ಬಿಟ್ಟೆ.

ಏಜೆಂಟು ನನ್ನ ಸಾಹಿತ್ಯಕ್ಕೆ ಮರುಳಾಯಿತು. ಗಿರಾಕಿಯೊಬ್ಬರು ಇಶ್ಯೂ ಒಂದರ ಕೆಳಗೆ "ಇದು ಯಾವಾಗ ಸರಿಹೋಗುತ್ತದೆ?" ಅಂತ ಕೇಳಿದ್ದರು. ಏಜೆಂಟು ಉತ್ತರಿಸಿತು, ಬಹುಮುಖಿ ಸಾಧನದಿಂದಲೇ. ಅಂದರೆ 'ಶೀಘ್ರದಲ್ಲಿ' ಎಂಬ ಹೆಸರಿನ ಹೊಸ ಇಶ್ಯೂ ತೆರೆಯಿತು. ಅವರು ಥ್ಯಾಂಕ್ಸ್ ಅಂದರು. 'ಪರವಾಗಿಲ್ಲ' ಎಂಬ ಇನ್ನೊಂದು ಇಶ್ಯೂ ತೆರೆಯಿತು. ಸೋಮವಾರ ಬೆಳಿಗ್ಗೆ ನಮ್ಮ ಟೀಮಿನವರು ಬಂದು ನೋಡಿದರೆ ತಪ್ಪುಗಳ ಪಟ್ಟಿಯ ತುಂಬ ಸೌಜನ್ಯವೇ ಇತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ, "ಯಂತ್ರಕ್ಕೆ ಕಾಮನ್‌ಸೆನ್ಸ್ ಇಲ್ಲ." ಅವಳು ಕುಕ್ಕರಿನ ಕಡೆ ಬೊಟ್ಟು ಮಾಡಿ, "ಮೊದಲ ಅದನ್ನ ಬಂದ್ ಮಾಡಿ, ಅದನ್ನ ಇದರಾಗ ಸುರುವಿ, ಇದನ್ನ ಅಲ್ಲಿ ಇಡ್ರಿ" ಅಂದಳು.

ಇದು ನಿಮ್ಮ ಮನೆಯಲ್ಲೂ ನಡೆಯುವ ಭಾಷೆಯೇ, ನನಗೆ ಗೊತ್ತು. ಮದುವೆಯಾಗಿ ಇಷ್ಟು ವರ್ಷವಾದರೂ 'ಅದು' ಯಾವುದು, 'ಇದು' ಯಾವುದು, 'ಅಲ್ಲಿ' ಎಲ್ಲಿ ಅನ್ನುವುದು ಗಂಡಸರಿಗೆ ತಿಳಿದಿಲ್ಲ. ಕೇಳಿದರೆ "ಇಷ್ಟೂ ತಿಳೀಲ್ಲೇನು?" ಅನ್ನುತ್ತಾರೆ. ಕೇಳದೆ ಮಾಡಿದರೆ "ಕೇಳಬೇಕಿಲ್ಲೇನು?" ಅನ್ನುತ್ತಾರೆ. ಏಜೆಂಟುಗಳ ಲೋಕದಲ್ಲೂ ಇದೇ ಜಗಳ. ಪ್ರತಿ ಹೆಜ್ಜೆಗೂ ಅಪ್ಪಣೆ ಕೇಳಿದರೆ ಪೀಡೆ, ಕೇಳದೆ ಮಾಡಿದರೆ ಅನಾಹುತ. ನಾನು ಆ ದಿನ ಗ್ಯಾಸ್ ಬಂದ್ ಮಾಡಿ, ಸಾರನ್ನು ಮೊಸರಿನ ಪಾತ್ರೆಗೆ ಸುರುವಿ, ಅದನ್ನು ಫ್ರಿಜ್ಜಿನ ಮೇಲೆ ಇಟ್ಟೆ.

ನನ್ನ ಉದ್ಧಾರವಾದದ್ದು ಸದಾಶಿವ ಪೇಠೆಯಲ್ಲಿ. ಪುಣೆಯಲ್ಲಿ ಇಲ್ಲದವರಿಗೆ ಒಂದು ಮಾತು ಹೇಳಬೇಕು: ಈ ಊರಿನ ಹಳೆಯ ಪೇಠೆಗಳ ನಿಜವಾದ ಸಾಹಿತ್ಯ ಇರುವುದು ಮನೆ-ಅಂಗಡಿಗಳ ಬಾಗಿಲ ಮೇಲೆ. 'ಪುಣೇರಿ ಪಾಟಿ' ಅಂತ ಹೆಸರು. ಪಾಟಿ ಅಂದರೆ ಬರೀ ಬೋರ್ಡಲ್ಲ. ನೀವು ಯಾವ ಯಾವ ಮೂರ್ಖತನ ಮಾಡಬಹುದು ಅಂತ ಮೊದಲೇ ಊಹಿಸಿ, ಒಂದೊಂದಕ್ಕೂ ಬಾಗಿಲು ಹಾಕಿ, ಮೇಲೆ ಸ್ವಲ್ಪ ಉಪ್ಪುಕಾರ ಉದುರಿಸಿ ಬರೆದ ಶಾಸನ. ಊರಿನವರು ಅವುಗಳ ಫೋಟೋ ಹಿಡಿದು ಹಂಚಿಕೊಳ್ಳುತ್ತಾರೆ. ನಮಗೆ ಗುರುತಿನ ಹಿರಿಯರೊಬ್ಬರ ಮನೆಗೆ ಭಾನುವಾರ ಮಧ್ಯಾಹ್ನ ಎರಡಕ್ಕೆ ಹೋಗಿದ್ದೆವು. ಪುಣೆಯಲ್ಲಿ ಮಧ್ಯಾಹ್ನ ಎರಡಕ್ಕೆ ಯಾರ ಮನೆಗಾದರೂ ಹೋಗುವವನ ಬುದ್ಧಿ ಎಂಥದ್ದು ಅಂತ ನೀವೇ ತಿಳಿಯಿರಿ. ಮಿಠಾಯಿ ಅಂಗಡಿಗಳೇ ಒಂದರಿಂದ ನಾಲ್ಕು ಮಲಗುತ್ತವೆ ಅಂತ ಲೋಕವೆಲ್ಲ ತಮಾಷೆ ಮಾಡುವ ಊರಿದು.

ಬಾಗಿಲ ಮೇಲೆ ಕರಿ ಹಲಗೆ, ಬಿಳಿ ಅಕ್ಷರ. ಮರಾಠಿಯಲ್ಲಿದ್ದದ್ದರ ಸಾರಾಂಶ ಹೀಗೆ:

ಬೆಲ್ ಒಂದೇ ಸಲ ಒತ್ತಿ. ಬಾಗಿಲು ತೆರೆಯಲು ಮನುಷ್ಯರು ಎದ್ದು ಬರಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. 1ರಿಂದ 4 ಒತ್ತಬಾರದು. ಮಾರಾಟಕ್ಕೆ ಬಂದವರು ಯಾವ ಹೊತ್ತಿಗೂ ಒತ್ತಬಾರದು. ಮೇಲಿನ ಮಹಡಿಯವರ ಬೆಲ್ ಮೆಟ್ಟಿಲ ಹತ್ತಿರ ಇದೆ. ಅವರು ಇದ್ದಾರೋ ಇಲ್ಲವೋ ಎಂಬುದು ನಮಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ.

ಹೆಂಡತಿ "ನಡೀರಿ, ನಾಲ್ಕಕ್ಕ ಬರೋಣ" ಅಂತ ಎಳೆಯುತ್ತಿದ್ದಳು. ನಾನು ಅಲುಗಲಿಲ್ಲ. ಇಡೀ ಹಿಂಜವಡಿಯೇ ಸೇರಿ ಬರೆಯಲಾಗದ ಟೂಲ್ ವಿವರಣೆ ನನ್ನೆದುರು ಮೊಳೆ ಹೊಡೆಸಿಕೊಂಡು ನಿಂತಿತ್ತು. ಉತ್ತರ ತಡವಾದರೆ ಮತ್ತೆ ಮತ್ತೆ ಕರೆಯಬೇಡ ಎನ್ನುವುದು ಅದರಲ್ಲಿದೆ, ಯಾಕೆ ತಡ ಎನ್ನುವುದಿದೆ, ಯಾವ ಹೊತ್ತಿಗೆ ಕೆಲಸ ಮಾಡುವುದಿಲ್ಲ ಎನ್ನುವುದಿದೆ, ಯಾರಿಗೆ ಅನುಮತಿ ಇಲ್ಲ ಎನ್ನುವುದಿದೆ. ಎಲ್ಲಕ್ಕಿಂತ ಮಿಗಿಲಾಗಿ, ನಿನಗೆ ಬೇಕಾದದ್ದು ನಾನಲ್ಲದಿದ್ದರೆ ಆ ಪಕ್ಕದ ಟೂಲಿಗೆ ಹೋಗು ಎನ್ನುವುದೂ ಇದೆ. ಬೆಲ್ಲಿನ ಒಳಗೆ ವಿದ್ಯುತ್ತು ಹೇಗೆ ಹರಿಯುತ್ತದೆ ಅಂತ ಒಂದಕ್ಷರವೂ ಇಲ್ಲ. ಟೂಲ್ ಬರೆಯುವುದರ ಬಗ್ಗೆ ಆಂತ್ರೋಪಿಕ್‌ನವರು 2025ರಲ್ಲಿ ಒಂದು ಸಲಹೆ ಕೊಟ್ಟಿದ್ದರು, ತಂಡಕ್ಕೆ ಹೊಸದಾಗಿ ಸೇರಿದವನಿಗೆ ಹೇಳಿಕೊಡುವಂತೆ ವಿವರಣೆ ಬರೆಯಿರಿ ಅಂತ. ಸದಾಶಿವ ಪೇಠೆಯವರು ಒಂದು ಹೆಜ್ಜೆ ಮುಂದೆ: ಬಂದವನು ಹೊಸಬನೂ ಹೌದು, ಅವನಿಗೆ ಬುದ್ಧಿಯೂ ಅಷ್ಟಕ್ಕಷ್ಟೇ ಅಂತ ಹಿಡಿದು ಬರೆಯುತ್ತಾರೆ.

ಮರುದಿನ ಆಫೀಸಿನಲ್ಲಿ ಕೂತು ಪಾಟಿ ಶೈಲಿಯಲ್ಲಿ ತಿದ್ದಿದೆ. "ಹೊಸ ಇಶ್ಯೂ ತೆರೆಯುತ್ತದೆ. ಇರುವ ಇಶ್ಯೂಗೆ ಉತ್ತರಿಸಲು ಇದನ್ನು ಬಳಸಬೇಡಿ, ಅದಕ್ಕೆ ಬೇರೆ ಟೂಲ್ ಇದೆ. ತೆರೆಯುವ ಮೊದಲು ಇಂಥದ್ದೇ ಇದೆಯೇ ಅಂತ ಹುಡುಕಿ." ಪಟ್ಟಿ ಕೊಡುವ ಟೂಲಿಗೂ ಬರೆದೆ: ಈ ಟೂಲು ಮಾಹಿತಿ ತರುವ ದಾರಿಯಾದ ಗಿಟ್‌ಹಬ್‌ನ ರೆಸ್ಟ್ ಎಪಿಐ ಪುಲ್ ರಿಕ್ವೆಸ್ಟುಗಳನ್ನೂ ಇಶ್ಯೂ ಅಂತಲೇ ಎಣಿಸುತ್ತದೆ, ಬರೀ ಇಶ್ಯೂ ಬೇಕಿದ್ದರೆ ಸೋಸಿಕೊಳ್ಳಿ. ಮತ್ತು ಕೇಳದೇ ಇದ್ದರೆ ಒಂದು ಪುಟಕ್ಕೆ 30 ಮಾತ್ರ ಕೊಡುತ್ತದೆ, ಕೇಳಿದರೂ 100ರ ಮೇಲೆ ಕೊಡುವುದಿಲ್ಲ. ಮೊದಲ ಪುಟ ನೋಡಿ "ಒಟ್ಟು ಮೂವತ್ತು" ಅಂತ ಹೇಳಬೇಡಿ. ಏಜೆಂಟು ಮಗುವಿನಂತೆ ಹೇಳಿದ ಮಾತು ಕೇಳತೊಡಗಿತು. ಮ್ಯಾನೇಜರು ಎಲ್ಲರೆದುರು ಬೆನ್ನು ತಟ್ಟಿದರು. ಅಲ್ಲಿಂದ ನನ್ನ ತಲೆ ತಿರುಗಿತು.

ಮನೆಯನ್ನೂ ಪಾಟಿಗಳಿಂದ ಉದ್ಧರಿಸುವ ನಿರ್ಧಾರ ಮಾಡಿದೆ. ಹಳದಿ ಚೀಟಿ, ಕಪ್ಪು ಪೆನ್ನು. ಗೀಝರಿನ ಮೇಲೆ, ಮಿಕ್ಸಿಯ ಮೇಲೆ, ವಾಷಿಂಗ್ ಮಷಿನ್ ಮೇಲೆ, ಎಲ್ಲದಕ್ಕೂ ಒಂದೊಂದು. ಅದರಲ್ಲೂ ಮುಖ್ಯವಾಗಿ ನಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿಗಾಗಿ ಮರಾಠಿಯಲ್ಲಿ ಬರೆದೆ. ನನ್ನ ಮರಾಠಿಯ ಬಗ್ಗೆ ನನಗೆ ಬಹಳ ಅಭಿಮಾನ. ರಿಕ್ಷಾದವರ ಜೊತೆ ಮರಾಠಿಯಲ್ಲೇ ಜಗಳವಾಡಿ ಸೋಲುತ್ತೇನೆ. ಮಾವಶಿ ಬೆಳಿಗ್ಗೆ ಆರೂವರೆಗೆ ಒಮ್ಮೆ ಬಂದು ಹೋಗುತ್ತಾರೆ, ಆಗ ನಾನು ಮಲಗಿರುತ್ತೇನೆ; ಹೆಂಡತಿ ಪಾಠ ಹೇಳಲು ಶಾಲೆಗೆ ಹೋದ ಮೇಲೆ ಹನ್ನೊಂದಕ್ಕೆ ಮತ್ತೊಮ್ಮೆ ಬರುತ್ತಾರೆ, ಆಗ ನಾನು ವರ್ಕ್ ಫ್ರಮ್ ಹೋಮ್ ಅನ್ನುವ ಹೆಸರಿನಲ್ಲಿ ಹಾಲ್‌ನಲ್ಲಿರುತ್ತೇನೆ. ಮಾವಶಿ ಒಂದೊಂದು ಚೀಟಿಯ ಮುಂದೂ ನಿಂತು, ಓದಿ, ನನ್ನ ಮುಖ ನೋಡಿ, "ಬರಂ" (ಸರಿ) ಅಂದು ಮುಂದೆ ಹೋಗುತ್ತಿದ್ದರು. ಓದುಗರಿಂದ ಇಷ್ಟು ಗಂಭೀರ ಪ್ರತಿಕ್ರಿಯೆ ಕಾಲೇಜು ಮ್ಯಾಗಜಿನ್ ಕಾಲದಲ್ಲೂ ಸಿಕ್ಕಿರಲಿಲ್ಲ.

ಇನ್ನು ಫ್ರಿಜ್ಜಿನ ಮೇಲಿನ ಸಾಮಾನಿನ ಪಟ್ಟಿ. ಅದರ ಅಧಿಕಾರ ಹೆಂಡತಿಯದು. ನಾನು ಬರೀ ಓದಿ ತರುವವನು. ಒಂದು ಶನಿವಾರ ತೊಗರಿಬೇಳೆ, ಜೀರಿಗೆ, ಕಡ್ಲಿಹಿಟ್ಟಿನ ಕೆಳಗೆ "ಮ್ಯಾಂಗೋ ಐಸ್‌ಕ್ರೀಮ್, ದೊಡ್ಡದು, 2. ಅಮ್ಮಗ ಫೋನ್ ಮಾಡಿ ಕೇಳೋದು ಬ್ಯಾಡ, ಮೀಟಿಂಗಿನ್ಯಾಗ ಇರ್ತಾಳ" ಅಂತಿತ್ತು. ಅಕ್ಷರ ಕೊಂಚ ದುಂಡಗಿತ್ತು, ನಿಜ. ಪಟ್ಟಿಯಲ್ಲಿದೆ ಅಂದಮೇಲೆ ತರುವುದು ನನ್ನ ಧರ್ಮ. ತಂದೆ. ಮಗಳು ಬಾಗಿಲಲ್ಲೇ ಚಮಚ ಹಿಡಿದು ನಿಂತಿದ್ದಳು.

ಇದನ್ನು ಕೇಳಿ ನಗಬೇಡಿ. 2025ರ ಮೇ ತಿಂಗಳಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಅನ್ನುವ ಭದ್ರತಾ ಸಂಶೋಧಕರು ಇದೇ ಐಸ್‌ಕ್ರೀಮನ್ನು ಗಿಟ್‌ಹಬ್‌ನಲ್ಲಿ ತೋರಿಸಿಕೊಟ್ಟರು. ಯಾರು ಬೇಕಾದರೂ ಬರೆಯಬಹುದಾದ ಬಹಿರಂಗ ರೆಪೊಸಿಟರಿಯ ಇಶ್ಯೂ ಒಂದರಲ್ಲಿ ಕಿಡಿಗೇಡಿ ಸೂಚನೆ ಬರೆದಿಟ್ಟರೆ, ಅದನ್ನು ಓದಲು ಹೋದ ಏಜೆಂಟು ಅದನ್ನೇ ಯಜಮಾನನ ಅಪ್ಪಣೆ ಅಂತ ತಿಳಿದು, ಖಾಸಗಿ ರೆಪೊಸಿಟರಿಯ ಮಾಹಿತಿಯನ್ನು ತಂದು ಬಯಲಿಗೆ ಹಾಕುವಂತೆ ಮಾಡಬಹುದು ಅಂತ. ಓದಲಿಕ್ಕೆ ಕೊಟ್ಟದ್ದು ಯಾವುದು, ಮಾಡಲಿಕ್ಕೆ ಹೇಳಿದ್ದು ಯಾವುದು ಅನ್ನುವ ಭೇದ ಅದಕ್ಕೆ ತಿಳಿಯದು. ಹೆಂಡತಿಗೆ ಇದನ್ನೆಲ್ಲ ವಿವರಿಸಿ, ಸಂಶೋಧಕರೇ ಒಪ್ಪಿದ ದೌರ್ಬಲ್ಯವಿದು ಅಂದೆ. "ಹಂಗಾರ ನಿಮಗ ಇನ್ನ ಮ್ಯಾಲೆ ರೊಕ್ಕ ಕೊಡೋದು ಬ್ಯಾಡ, ಬರೇ ಓದಾಕ ಬಿಡೋದು" ಅಂದಳು. ಗಿಟ್‌ಹಬ್‌ನ ಎಂಸಿಪಿ ಸರ್ವರಿನಲ್ಲೂ ಅಂಥದ್ದೊಂದು ಸ್ವಿಚ್ಚಿದೆ, ಹಾಕಿದರೆ ಏಜೆಂಟು ಓದಬಹುದು, ಏನನ್ನೂ ಬರೆಯುವಂತಿಲ್ಲ. ನಮ್ಮ ಮನೆಯಲ್ಲಿ ಅಂದಿನಿಂದ ಯುಪಿಐ ಅವಳ ಫೋನಿನಲ್ಲಿ ಮಾತ್ರ.

ಗಣೇಶನ ಹಬ್ಬ ಬಂತು. ಪುಣೆಯ ಗಣೇಶನೆಂದರೆ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಸೊಸೈಟಿಯಲ್ಲೂ ಮಹಾಪ್ರಸಾದದ ಊಟ. ಎಷ್ಟು ಜನ ಬರುತ್ತಾರೆಂದು ಆನ್‌ಲೈನ್ ಫಾರ್ಮಿನಲ್ಲಿ ತುಂಬಿಸಿ, ಲೆಕ್ಕ ಹೇಳುವ ಜವಾಬ್ದಾರಿ ನನಗೆ. "ಸರ್ ಕಂಪ್ಯೂಟರ್ ಮಂದಿ" ಅಂತ ಸೆಕ್ರೆಟರಿ ಹೊಗಳಿದ್ದೇ ತಡ, ಫೋನಿನಲ್ಲಿ ಫಾರ್ಮು ತೆರೆದೆ, ಕೊನೆಯವರೆಗೆ ಸರಿಸಿದೆ, ಮೂವತ್ತು ಹೆಸರು ಎಣಿಸಿದೆ, ಅಡುಗೆಯವರಿಗೆ ಹೇಳಿದೆ. ಕೆಳಗೆ ತುಸು ಬೂದು ಬಣ್ಣದಲ್ಲಿ 'ಮುಂದಿನ ಪುಟ' ಅಂತ ಇದ್ದದ್ದು ಊಟದ ದಿನ ಕಂಡಿತು. ಅಷ್ಟರಲ್ಲಿ ಸಾಲು ಲಿಫ್ಟಿನವರೆಗೆ ಬಂದಿತ್ತು. ಅಡುಗೆಯವರು ಒಂದು ಪುರಣಪೋಳಿಯನ್ನು ನಾಲ್ಕು ಮಾಡಿ ಹಂಚಿದರು. ಆ ಬೂದು ಅಕ್ಷರದ ಬಗ್ಗೆ ಏಜೆಂಟಿಗೆ ಎಚ್ಚರಿಕೆ ಬರೆದವನು ನಾನೇ, ಆದರೆ ನನಗೆ ಯಾರೂ ಬರೆದುಕೊಟ್ಟಿರಲಿಲ್ಲ ಅಂತ ಸೆಕ್ರೆಟರಿಗೆ ಸಮಜಾಯಿಷಿ ಕೊಟ್ಟೆ. ಅವರು ಮರಾಠಿಯಲ್ಲಿ ಏನೋ ಅಂದರು. ಪೂರ್ತಿ ತಿಳಿಯಲಿಲ್ಲ, ತಿಳಿದಷ್ಟೇ ಸಾಕಾಗಿತ್ತು.

ಪ್ರಾಯಶ್ಚಿತ್ತಕ್ಕೆ ಅವರ ಮನೆಗೊಂದು ಡಬ್ಬಿ ಮೋದಕ ಕೊಟ್ಟು ಬರಲು ಹೆಂಡತಿ ಕಳಿಸಿದಳು. "402" ಅಂದಳು. ನಮ್ಮ ಸೊಸೈಟಿಯಲ್ಲಿ ಎ, ಬಿ, ಸಿ ಮೂರೂ ವಿಂಗಿನಲ್ಲಿ 402 ಇದೆ. ಗಿಟ್‌ಲ್ಯಾಬ್‌ನಲ್ಲೂ ಪ್ರತಿ ಇಶ್ಯೂಗೆ ಎರಡು ನಂಬರು, ಇಡೀ ಗಿಟ್‌ಲ್ಯಾಬಿಗೆ ಲೆಕ್ಕ ಹಿಡಿದು ಒಂದು, ಆ ಪ್ರಾಜೆಕ್ಟಿನೊಳಗೆ ಇನ್ನೊಂದು. ಯಾವುದನ್ನು ಕೊಡಬೇಕೆಂದು ವಿವರಣೆಯಲ್ಲಿ ಹೇಳದಿದ್ದರೆ ಏಜೆಂಟು ಯಾರದೋ ಇಶ್ಯೂಗೆ ಕೈ ಹಾಕುತ್ತದೆ. ಆ ಮೋದಕವನ್ನು ತಿಂದವರು ಬಹಳ ಒಳ್ಳೆಯ ಜನ. ಈಗಲೂ ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾರೆ.

ದಸರೆಗೆ ಮುಂಚೆ ಹೆಂಡತಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ "ಬಾಲ್ಕನ್ಯಾಗಿನ ಹಳೇವು ಎಲ್ಲಾ ತಗದಬಿಡ್ರಿ" ಅಂದಳು. ಕೆಳಗೆ ಗುಜರಿಯ ಭಂಗಾರವಾಲಾ ಕೂಗುತ್ತಿದ್ದ. ಹಳೆಯ ಪೇಪರು, ಹಳೆಯ ಬಾಟಲಿ, ಅಜ್ಜಿ ಕಾಲದ ಹಿತ್ತಾಳೆಯ ಒಂದು ಕೊಡ. ಎಲ್ಲವೂ ಹಳೆಯವೇ ಅಲ್ಲವೇ? ತೂಕ ಹಾಕಿಸಿ ಕೊಟ್ಟೆ. ರೊಕ್ಕವನ್ನು ಹೆಮ್ಮೆಯಿಂದ ಅವಳ ಮೇಜಿನ ಮೇಲಿಟ್ಟೆ.

ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಇಂಥದ್ದೇ ಎಡವಟ್ಟಿನಲ್ಲಿ ಗಿಟ್‌ಲ್ಯಾಬ್‌ನ ಇಂಜಿನಿಯರೊಬ್ಬರು 2017ರ ಜನವರಿ 31ರಂದು ಬೇರೆ ಸರ್ವರ್ ಅಂತ ತಿಳಿದು ಅಸಲು ಡೇಟಾಬೇಸಿನ ಮೇಲೇ ಅಳಿಸುವ ಆಜ್ಞೆ ಕೊಟ್ಟಿದ್ದರಿಂದ ಸುಮಾರು ಆರು ಗಂಟೆಗಳ ಡೇಟಾ ಲೋಕದಿಂದಲೇ ಹೋಗಿತ್ತು. ಬ್ಯಾಕಪ್ಪುಗಳನ್ನು ಹುಡುಕಿದರೆ ಹೆಚ್ಚಿನವು ಕೆಲಸ ಮಾಡುತ್ತಲೇ ಇರಲಿಲ್ಲ. ಆದರೂ ಕಂಪನಿ ಆ ದುರಸ್ತಿಯನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸಿತು, ಜನ ಸಹಾನುಭೂತಿ ತೋರಿದರು. ನನಗೆ ಆ ಭಾಗ್ಯವಿಲ್ಲ. ಎಂಸಿಪಿಯಲ್ಲಿ ಟೂಲಿಗೆ "ಇದು ಹಾಳುಮಾಡಬಹುದಾದದ್ದು" ಅಂತ ಗುರುತು ಹಾಕುವ ಸೌಲಭ್ಯವಿದೆ. 'ತಗದಬಿಡ್ರಿ' ಅನ್ನುವ ಟೂಲಿಗೆ ಅಂಥ ಗುರುತು ಹಾಕಿಕೊಡಬೇಕಿತ್ತು ಅಂತ ಬಾಯಿ ಬಿಟ್ಟೆ. ಆ ರಾತ್ರಿ ಊಟಕ್ಕೆ ಮಂಡಕ್ಕಿ ಇತ್ತು.

ಕೊಡದ ಸುದ್ದಿ ಧಾರವಾಡ ತಲುಪಿ, ಅಮ್ಮ ವಂದೇ ಭಾರತ್ ಹತ್ತಿ ಬಂದರು. ಬಂದವರು ಮೊದಲು ನನ್ನ ಪಾಟಿಗಳನ್ನೆಲ್ಲ ನೋಡಿದರು. ಮನೆ ತುಂಬ ಹಳದಿ. "ಇದೇನೋ, ಯಾರಿಗೆ ಕಾಮಣಿ ಆಗೇದ?" ಅಂದರು. ನಾನು ಸಮಾಧಾನದಿಂದ ವಿವರಿಸಿದೆ: ಮಾವಶಿಗೆ ಕನ್ನಡ ಬರುವುದಿಲ್ಲ, ನಿನಗೆ ಮರಾಠಿ ಬರುವುದಿಲ್ಲ, ಏನಾದರೂ ಹೇಳಬೇಕಿದ್ದರೆ ನನಗೆ ಹೇಳು, ನಾನು ಪಾಟಿ ಬರೆದು ಅಂಟಿಸುತ್ತೇನೆ.

ಹನ್ನೊಂದಕ್ಕೆ ಮಾವಶಿ ಬಂದರು. ನಾನು ಕಾಲ್‌ನಲ್ಲಿದ್ದೆ. ಅಡುಗೆಮನೆಯಿಂದ ಜೋರು ಮಾತು, ನಗು. ಶೇಂಗಾ ಹಿಂಡಿಗೆ ಬಳ್ಳೊಳ್ಳಿ ಹಸಿಯಾಗಿ ಹಾಕಬೇಕೋ ಹುರಿದು ಹಾಕಬೇಕೋ ಅಂತ ಚರ್ಚೆ ನಡೆದಿತ್ತು. ಎರಡೂ ಕಡೆಯಿಂದ ಕನ್ನಡದಲ್ಲಿ. ಕಾಲ್ ಮ್ಯೂಟ್ ಮಾಡಿ ಓಡಿದೆ.

"ಮಾವಶಿ, ನಿಮಗೆ ಕನ್ನಡ ಬರುತ್ತದೆಯೇ?" ಅಂತ ಕೇಳಿದೆ, ಗಾಬರಿಯಲ್ಲಿ ಅದನ್ನೂ ಮರಾಠಿಯಲ್ಲೇ.

"ನಮ್ಮೂರು ಅಕ್ಕಲಕೋಟ ಬಾಜೂಕ್ರೀ," ಅಂದರು ಮಾವಶಿ, ಹಿಂಡಿಯ ರುಚಿ ನೋಡುತ್ತ. "ಮನ್ಯಾಗ ಮೊದಲಿಂದ ಕನ್ನಡನ."

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟದ ಕಡೆ ಊರಿಗೆ ಊರೇ ಕನ್ನಡ ಮಾತಾಡುತ್ತದೆ ಅಂತ ಧಾರವಾಡದ ಹುಡುಗನಾದ ನನಗೆ ಗೊತ್ತಿಲ್ಲದ್ದೇನಲ್ಲ. ಆ ಬಗ್ಗೆ ಗೆಳೆಯರ ಮುಂದೆ ಭಾಷಣವನ್ನೂ ಮಾಡಿದ್ದೇನೆ.

"ಮತ್ತ ಇಷ್ಟು ದಿನ ನನ್ನ ಜೊತೆ ಮರಾಠಿ ಯಾಕೆ?"

"ನೀವು ಕಲೀಲಿಕ್ಕತ್ತೀರಿ ಅಂತ ಸುಮ್ಮನಿದ್ನಿ. ದಿನಾ ಒಂದೊಂದು ಚೀಟಿ ಬರದು ಹಚ್ಚತಿದ್ರಿ, ನಾ ಓದಿ ಬರಂ ಅಂತಿದ್ನಿ. ಗೀಝರಿಂದು ಭಾಳ ತಪ್ಪಾಗೇತಿ ನೋಡ್ರಿ. ಬಂದ್ ಮಾಡಬ್ಯಾಡ್ರಿ ಅಂತ ಬರದೀರಿ."

ಕರೆಂಟಿನ ಬಿಲ್ಲು ಯಾಕೆ ಹಾಗೆ ಬಂದಿತ್ತು ಅನ್ನುವುದು ಆಗ ತಿಳಿಯಿತು.

ಸಂಜೆ ಹೆಂಡತಿಗೆ ಈ ಮಹಾ ಶೋಧವನ್ನು ಹೇಳಿದೆ. ಅವಳು ಪೇಪರ್ ತಿದ್ದುತ್ತಿದ್ದವಳು ತಲೆ ಎತ್ತಲಿಲ್ಲ. "ಮುಂಜಾನೆ ಆರೂವರೆಗೆ ನಾವು ಮತ್ಯಾವ ಭಾಷಾದಾಗ ಮಾತಾಡ್ತೀವಂತ ತಿಳ್ಕೊಂಡಿದ್ರಿ?"

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ನಲ್ಲ, ಹೋದ ವರ್ಷ. ನೀವು ಕಾಲ್‌ನ್ಯಾಗ ಇದ್ರಿ. ಹೂಂ ಹೂಂ ಅಂದ್ರಿ." ಕೆಂಪು ಪೆನ್ನಿನಿಂದ ಯಾವುದೋ ಮಗುವಿನ ಉತ್ತರವನ್ನು ಅಡ್ಡ ಹೊಡೆದು, "ಹಂಗ, ಅದನ್ನ ಅಲ್ಲಿಂದ ತಗದು ಇಲ್ಲಿ ಇಡ್ರಿ" ಅಂದಳು.

ಎದ್ದು ನಿಂತಿದ್ದೇನೆ. ಮೇಜಿನ ಮೇಲೆ ಕನ್ನಡಕವಿದೆ, ನೀರಿನ ಲೋಟವಿದೆ, ಪೇಪರುಗಳ ಇನ್ನೊಂದು ಕಟ್ಟಿದೆ. ಕೇಳಿದರೂ ಬೈಗುಳ, ಕೇಳದಿದ್ದರೂ ಬೈಗುಳ ಅನ್ನುವುದು ಖಚಿತವಿರುವುದರಿಂದ ಮೂರನ್ನೂ ಎತ್ತಿಕೊಂಡಿದ್ದೇನೆ.